ವಿವಿಟಿ (ವೇರಿಯಬಲ್ ವಾಲ್ವ್ ಟೈಮಿಂಗ್, ಅಂದ್ರೆ ಇಂಜಿನ್ ವಾಲ್ವ್ ತೆರೆದು ಮುಚ್ಚೋ ಹೊತ್ತನ್ನ ಬದಲಾಯಿಸೋ ವ್ಯವಸ್ಥೆ) ಇದ್ರೆ ಪವರ್ರೂ ಮೈಲೇಜೂ ಎರಡೂ ಹೆಂಗೆ ಜಾಸ್ತಿ ಆಗುತ್ತೆ?

ಪವರ್ ಜಾಸ್ತಿ ಆದ್ರೆ ಮೈಲೇಜ್ ಇಳೀಬೇಕಲ್ವಾ ಅಂತ ಕೇಳಿದೀರಿ, ಒಳ್ಳೇ ಪ್ರಶ್ನೆ, ಆದ್ರೆ ಎರಡೂ ಒಂದೇ ಹೊತ್ತಲ್ಲಿ ಸಿಗಲ್ಲ, ಬೇರೆ ಬೇರೆ ಸ್ಪೀಡಲ್ಲಿ ಸಿಗುತ್ತೆ.

ಇಂಜಿನ್ 800 ಆರ್‌ಪಿಎಂನಲ್ಲಿದ್ದಾಗ (ನಿಮಿಷಕ್ಕೆ 800 ಸುತ್ತು) ಪಿಸ್ಟನ್ ಒಂದ್ಸಲ ಕೆಳಗಿಳಿಯೋಕೆ ಸುಮಾರು 37 ಮಿಲಿಸೆಕೆಂಡ್ ಬೇಕು, 6000ಕ್ಕೆ ಹೋದ್ರೆ ಬರೀ 5, ಅಷ್ಟರಲ್ಲಿ ಸಿಲಿಂಡರ್‌ಗೆ ಗಾಳಿ ತುಂಬ್ಬೇಕು! ಅದಕ್ಕೇ ಹೈ ಸ್ಪೀಡಲ್ಲಿ ಗಾಳಿ ಒಳಗೆ ಬಿಡೋ ಇನ್‌ಟೇಕ್ ವಾಲ್ವನ್ನ ತಡವಾಗಿ ಮುಚ್ಚಿದ್ರೆ, ಪಿಸ್ಟನ್ ಮೇಲೆ ಬರೋಕೆ ಶುರುವಾದ್ರೂ ಗಾಳಿ ತನ್ನ ರಭಸಕ್ಕೇ ಒಳಗೆ ನುಗ್ತಾ ಇರುತ್ತೆ, ಪವರ್ ಬರೋದು ಅಲ್ಲಿಂದ. ಅದೇ ಟೈಮಿಂಗ್ ಕಮ್ಮಿ ಸ್ಪೀಡಲ್ಲೂ ಇಟ್ರೆ ಒಳಗೆ ಬಂದ ಗಾಳಿ ವಾಪಸ್ ಹೋಗಿ ಪಿಕಪ್ ಸಾಯುತ್ತೆ. ಹಳೇ ಇಂಜಿನ್‌ಗಳು ಮಧ್ಯದಲ್ಲೆಲ್ಲೋ ರಾಜಿ ಮಾಡ್ಕೊಂಡಿದ್ವು, ವಿವಿಟಿಲಿ ಇಸಿಯು (ಇಂಜಿನ್‌ನ ಕಂಪ್ಯೂಟರ್) ಹೇಳಿದಂಗೆ ಆಯಿಲ್ ಪ್ರೆಶರ್, ವಾಲ್ವ್ ತೆರೆಯೋ ಕ್ಯಾಮನ್ನೇ ಸ್ವಲ್ಪ ಹಿಂದೆ ಮುಂದೆ ತಿರುಗಿಸಿ ಟೈಮಿಂಗ್ ಬದಲಾಯಿಸುತ್ತೆ.

ಇನ್ನು ಮೈಲೇಜು. ನಿಧಾನಕ್ಕೆ ಓಡಿಸುವಾಗ ಥ್ರಾಟಲ್ (ಇಂಜಿನ್‌ಗೆ ಎಷ್ಟು ಗಾಳಿ ಬಿಡಬೇಕು ಅಂತ ಹಿಡಿತದಲ್ಲಿಡೋ ಬಾಗಿಲು) ಅರ್ಧಕ್ಕಿಂತ ಜಾಸ್ತಿ ಮುಚ್ಚಿರುತ್ತೆ, ಗಾಳಿ ಎಳೆಯೋಕೇ ಇಂಜಿನ್ ಒದ್ದಾಡುತ್ತೆ. ಆಗ ಇನ್‌ಟೇಕ್ ವಾಲ್ವೂ ಸುಟ್ಟ ಗ್ಯಾಸ್ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವೂ ಒಟ್ಟಿಗೆ ತೆರೆದಿರೋ ಹೊತ್ತನ್ನ ಜಾಸ್ತಿ ಮಾಡಿ ಸ್ವಲ್ಪ ಸುಟ್ಟ ಗ್ಯಾಸನ್ನ ಒಳಗೇ ಉಳಿಸ್ಕೊಂಡ್ರೆ ಥ್ರಾಟಲ್ ಇನ್ನಷ್ಟು ತೆರೀಬಹುದು, ಎಳೆಯೋ ಕಷ್ಟ ಕಮ್ಮಿ, ಪೆಟ್ರೋಲೂ ಕಮ್ಮಿ.

ಆಯಿಲ್ ಚೇಂಜ್ ಮಾತ್ರ ದಯವಿಟ್ಟು ಮುಂದೂಡ್ಬೇಡಿ, ಆಯಿಲ್ ಕೊಳೆಯಾದ್ರೆ ವಿವಿಟಿಯ ಸಣ್ಣ ಆಯಿಲ್ ದಾರಿಗಳು ಕಟ್ಕೊಂಡು ಕ್ಯಾಮ್‌ನ ಟೈಮಿಂಗ್ ಬದಲಾಗೋದೇ ನಿಲ್ಲಬಹುದು.