ಸಿ ಪ್ರೋಗ್ರಾಂನಲ್ಲಿ ಟೈಪ್ ಮಾಡಿದ್ದು ಫೈಲಿಗೆ ಅರ್ಧಂಬರ್ಧ ಹೋಗೋದು ಯಾಕೆ?

ನೀವು ಕೇಳಿದ್ದು ಎರಡು ವಿಷಯ. ಪೂರ್ತಿ ಹೆಸರು ಟೈಪ್ ಮಾಡಿದರೂ ಫೈಲಿನಲ್ಲಿ ಮೊದಲ ಪದ ಮಾತ್ರ ಉಳಿಯುತ್ತದೆ, ಪ್ರೋಗ್ರಾಂ ಎರಡನೇ ಸಲ ಓಡಿಸಿದರೆ ಹಳೆಯದೆಲ್ಲ ಮಾಯ. ಫೈಲಿಗೆ ಬರೆಯುವ ನಿಮ್ಮ ಎಫ್‌ಪ್ರಿಂಟ್‌ಎಫ್ ಸಾಲು ಸರಿಯಾಗೇ ಇದೆ. ತಪ್ಪಿರೋದು ಅದಕ್ಕಿಂತ ಮೊದಲು.

ಎರಡನೆಯದನ್ನೇ ಮೊದಲು ಹೇಳ್ತೀನಿ, ಅದರಿಂದ ನನಗೇ ಪೆಟ್ಟು ಬಿದ್ದಿದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನಮ್ಮ ಮಾಮಾನ ಮನೆ, ಮನೆಯಲ್ಲೇ ಮಗ್ಗ. ಡಿಪ್ಲೊಮಾ ಓದುವಾಗ ಒಂದು ರಜೆಯಲ್ಲಿ ಸೀರೆ ಲೆಕ್ಕಕ್ಕೆ ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ದಿನಾ ಸಂಜೆ ಯಾವ ದಡಿ (ಸೀರೆಯ ಅಂಚು), ಎಷ್ಟು ಸೀರೆ ಅಂತ ಟೈಪ್ ಮಾಡೋದು. ಐದನೇ ದಿನ ಮಾಮಾ, "ಸೋಮವಾರದ ಲೆಕ್ಕಾ ತೋರ್ಸಪಾ" ಅಂದರು. ಫೈಲಿನಲ್ಲಿ ಇದ್ದದ್ದು ಒಂದೇ ಸಾಲು. ಫೈಲು ತೆರೆಯುವ ಎಫ್‌ಓಪನ್‌ಗೆ ನಾನು "ಡಬ್ಲ್ಯೂ" ಮೋಡ್ ಕೊಟ್ಟಿದ್ದೆ. ಅದು ಫೈಲು ತೆರೆದ ಕೂಡಲೇ, ನೀವು ಒಂದಕ್ಷರ ಬರೆಯೋಕೂ ಮುಂಚೆ, ಇದ್ದದ್ದನ್ನೆಲ್ಲ ಅಳಿಸಿಬಿಡುತ್ತದೆ. "ಎ" ಕೊಟ್ಟರೆ ಹೊಸದು ಕೊನೆಗೆ ಸೇರುತ್ತದೆ, ಫೈಲು ಇಲ್ಲದಿದ್ದರೆ ತಾನೇ ಹುಟ್ಟಿಸಿಕೊಳ್ಳುತ್ತದೆ. ಹೋದ ನಾಲ್ಕು ದಿನದ ಲೆಕ್ಕವನ್ನು ಅತ್ತಿ ನೆನಪಿನಿಂದ ಹೇಳಿದರು, ನಾನು ಕೂತು ಮತ್ತೆ ಬರೆದೆ.

ಇನ್ನು ಮೊದಲ ಪದದ ಸಮಸ್ಯೆ. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್‌ಗೆ ಶೇಕಡಾ-ಎಸ್ (%s) ಕೊಟ್ಟರೆ ಅದು ಖಾಲಿ ಜಾಗ ಕಂಡಲ್ಲಿ ನಿಲ್ಲುತ್ತದೆ. "ಗೋಮಿ ದಡಿ" ಅಂತ ಕೊಟ್ಟರೆ "ಗೋಮಿ" ಮಾತ್ರ ಒಳಗೆ ಹೋಗುತ್ತದೆ, "ದಡಿ" ಮುಂದಿನ ಸ್ಕ್ಯಾನ್‌ಎಫ್‌ಗೆ ಕಾಯುತ್ತಿರುತ್ತದೆ. ಎಫ್‌ಗೆಟ್ಸ್ ಬಳಸಿ, ಇಡೀ ಸಾಲು ಓದುತ್ತದೆ. ಎಂಟರ್ ಒತ್ತಿದ ಗುರುತೂ ಕೊನೆಗೆ ಅಂಟಿಕೊಂಡೇ ಬರುತ್ತದೆ, ಸ್ಟ್ರಿಂಗ್-ಸಿಎಸ್‌ಪಿಎನ್‌ನಿಂದ (strcspn) ಅದರ ಜಾಗ ಹುಡುಕಿ ಅಲ್ಲಿ ಸೊನ್ನೆ ಇಡಿ, ಪಠ್ಯ ಅಲ್ಲಿಗೆ ಮುಗಿಯಿತು ಅನ್ನೋ ಗುರುತು ಅದು. ಹಳೇ ನೋಟ್ಸುಗಳಲ್ಲಿ ಗೆಟ್ಸ್ ಅಂತ ಇದ್ದರೆ ಮುಟ್ಟಬೇಡಿ. ಅಳತೆ ನೋಡದೆ ಅರೇ (ಓದಿದ್ದನ್ನು ಇಡೋಕೆ ನೀವು ಕೊಟ್ಟ ಜಾಗ) ದಾಟಿ ಬರೆಯುತ್ತದೆ ಅಂತಲೇ 2011ರ ಸಿ ಮಾನದಂಡದಲ್ಲಿ ಅದನ್ನು ಕಿತ್ತುಹಾಕಿದ್ದಾರೆ.

ಕನ್ನಡದಲ್ಲಿ ಟೈಪ್ ಮಾಡೋರಿಗೆ ಇನ್ನೊಂದು ಸಂಗತಿ ಗೊತ್ತಿರಲೇಬೇಕು. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೂ ಅದರ ಮೇಲಿನ ಗುಣಿತ ಚಿಹ್ನೆಗೂ ಒಂದೊಂದಕ್ಕೆ 3 ಬೈಟ್. "ಗೋಮಿ ದಡಿ" ಕಣ್ಣಿಗೆ ನಾಲ್ಕೇ ಅಕ್ಷರ, ಒಳಗೆ 22 ಬೈಟ್. ಅರೇ ಅಳತೆ 20 ಇದ್ದರೆ ಎಫ್‌ಗೆಟ್ಸ್ 19 ಬೈಟಿಗೆ ನಿಲ್ಲುತ್ತದೆ, ಫೈಲಿನಲ್ಲಿ "ಗೋಮಿ ದಡ" ಆಗುತ್ತದೆ. ಉಳಿದ ಗುಡಿಸಿನ ಚಿಹ್ನೆ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. 200 ಇಟ್ಟುಬಿಡಿ, ಏನೂ ನಷ್ಟವಿಲ್ಲ.

ನಿಮ್ಮ ಪ್ರೋಗ್ರಾಂನಲ್ಲಿ ವಯಸ್ಸನ್ನು ಸ್ಕ್ಯಾನ್‌ಎಫ್‌ಗೆ ಶೇಕಡಾ-ಡಿ (%d, ಸಂಖ್ಯೆಗೆ) ಹಾಕಿ ಓದಿ, ಆಮೇಲೆ ಊರು ಕೇಳಿದ್ದೀರಿ. ಅಲ್ಲಿ ಎಫ್‌ಗೆಟ್ಸ್ ಹಾಕಿದರೆ ಊರು ಕೇಳದೆ ಹಾಗೇ ದಾಟಿಬಿಡುತ್ತದೆ, ವಯಸ್ಸಿನ ಹಿಂದೆ ಒತ್ತಿದ ಎಂಟರ್ ಇನ್ನೂ ಅಲ್ಲೇ ಬಿದ್ದಿರುತ್ತದಲ್ಲ, ಅದನ್ನೇ ಖಾಲಿ ಸಾಲು ಅಂತ ಓದುತ್ತದೆ. ಇದಕ್ಕೆ ಎಫ್‌ಫ್ಲಷ್-ಎಸ್‌ಟಿಡಿಇನ್ (fflush(stdin)) ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಮಾನದಂಡದ ಪ್ರಕಾರ ಅದರ ಫಲ ಹೀಗೇ ಅನ್ನೋ ಭರವಸೆಯಿಲ್ಲ. ವಯಸ್ಸನ್ನೂ ಎಫ್‌ಗೆಟ್ಸ್‌ನಿಂದಲೇ ಸಾಲಾಗಿ ಓದಿ, ಆ ಸಾಲಿನೊಳಗಿಂದ ಎಸ್‌ಸ್ಕ್ಯಾನ್‌ಎಫ್‌ನಿಂದ ಸಂಖ್ಯೆ ತೆಗೆಯಿರಿ. ನಾನು ಮಾಮಾನ ಪ್ರೋಗ್ರಾಂನಲ್ಲಿ ಹಾಗೇ ಮಾಡಿದ ಮೇಲೆ ತಕರಾರು ಬರಲಿಲ್ಲ.

ಎಫ್‌ಓಪನ್ ನಲ್ (ಫೈಲು ತೆರೆಯಲಿಲ್ಲ ಅನ್ನೋ ಸೂಚನೆ) ಕೊಟ್ಟಿತಾ ಅಂತ ನೋಡಿ, ಕೊಟ್ಟರೆ ಅಲ್ಲೇ ನಿಲ್ಲಿಸಿ. ಬರೆದದ್ದು ಮೊದಲು ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗ) ಕೂತಿರುತ್ತದೆ, ಪ್ರೋಗ್ರಾಂ ನಡುವೆ ಕ್ರ್ಯಾಶ್ ಆದರೆ ಫೈಲಿಗೆ ಬರದೇ ಹೋಗಬಹುದು. ಕೊನೆಗೆ ಎಫ್‌ಕ್ಲೋಸ್ ಬರೆಯಿರಿ, ಅದು ಬಫರ್‌ನಲ್ಲಿ ಉಳಿದದ್ದನ್ನು ಫೈಲಿಗೆ ಹಾಕಿ ಮುಚ್ಚುತ್ತದೆ. ಇಷ್ಟಾದ ಮೇಲೂ ಊರಿನ ಹೆಸರು ತುಂಡಾದರೆ ನಿಮ್ಮ ಅರೇ ಅಳತೆ ಎಷ್ಟಿದೆ ಅಂತ ಇಲ್ಲೇ ಬರೆಯಿರಿ, ನೋಡಿ ಹೇಳ್ತೀನಿ.