ಆ ಒಂದು ಗೋಲು ಹೊಡೆದ ಹುಡುಗ ಆಮೇಲೆ ಏನಾದ?

ನೀವು ಕೇಳಿದ್ದು ಇಷ್ಟು: ಒಂದು ಕ್ಲಬ್‌ನಲ್ಲಿ ಶುರುವಿಗೇ ಭಾರೀ ಆಸೆ ಹುಟ್ಟಿಸಿ, ಆಮೇಲೆ ಅಲ್ಲಿ ನೆಲೆ ಕಾಣದೆ ಹೋದ ಫುಟ್‌ಬಾಲ್ ಆಟಗಾರರಲ್ಲಿ ನಿಮಗೆ ಜಾಸ್ತಿ ನೆನಪಿಗೆ ಬರುವವರು ಯಾರು, ಹಾಗೆ ಯಾಕಾಯ್ತು?

ನನಗೆ ಮೊದಲು ಬರುವ ಹೆಸರು ಇಟಲಿಯ ಫೆಡೆರಿಕೊ ಮಕೇಡ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ನಾವು ಮೊದಲು ಮಚೇಡ ಅಂತ ಓದಿದ್ದೆವು. ಕಾಮೆಂಟರಿ ಕೇಳಿದ ಮೇಲೆ ಸರಿ ಮಾಡಿಕೊಂಡದ್ದು.

2009ರ ಎಪ್ರಿಲ್ 5, ಭಾನುವಾರ ರಾತ್ರಿ. ನನ್ನ ಪ್ಲಸ್ ಟು ಪರೀಕ್ಷೆ ಮುಗಿದಿತ್ತು, ಮಾಡಲಿಕ್ಕೆ ಎಂತದೂ ಕೆಲಸ ಇರಲಿಲ್ಲ. ಕುಂಬಳೆ ಹತ್ತಿರ ನಮ್ಮ ಊರಿನ ಕ್ಲಬ್‌ನ ಕೋಣೆ ಅಂದರೆ ಹಂಚಿನ ಮಾಡು, ಒಂದು ಹಳೇ ಟಿವಿ, ನಾಲ್ಕು ಬೆಂಚು, ಗೋಡೆಯಲ್ಲಿ ಗಾಳಿ ಹೋದ ಎರಡು ಚೆಂಡು. ಒಳಗೆ ಮೂವತ್ತು ಜನ. ಅರ್ಧ ಜನ ಯುನೈಟೆಡ್, ಉಳಿದವರು ಯುನೈಟೆಡ್ ಸೋಲುವುದನ್ನು ನೋಡಲಿಕ್ಕೆ ಬಂದವರು.

ಹಿಂದಿನ ಎರಡು ಲೀಗ್ ಪಂದ್ಯ ಸೋತಿದ್ದೆವು, ಲಿವರ್‌ಪೂಲ್ ಕೈಲಿ 4-1, ಫುಲ್ಹ್ಯಾಮ್ ಕೈಲಿ 2-0. ರೂನಿಗೆ ನಿಷೇಧ, ಬರ್ಬಟೊವ್‌ಗೆ ಗಾಯ. ಆವತ್ತು ಎದುರಿಗೆ ಆಸ್ಟನ್ ವಿಲ್ಲಾ, ಅರ್ಧ ಆಟ ಕಳೆದು ಸ್ವಲ್ಪ ಹೊತ್ತಿಗೆ ಅವರು 2-1 ಮುಂದೆ. ಆಗ ನಾನಿಯನ್ನು ಹೊರಗೆ ತೆಗೆದು, 41ನೇ ನಂಬರಿನ, ನಾವು ಹೆಸರೇ ಕೇಳಿರದ 17 ವರ್ಷದ ಹುಡುಗನನ್ನು, ಅಂದರೆ ಮಕೇಡನನ್ನು, ಯುನೈಟೆಡ್ ಕೋಚ್ ಫರ್ಗ್ಯುಸನ್ ಇಳಿಸಿದರು. ಕೋಣೆಯಲ್ಲಿ ಒಬ್ಬ ಎದ್ದು ಚಪ್ಪಲಿ ಹುಡುಕಲಿಕ್ಕೆ ಶುರು ಮಾಡಿದ. ರೊನಾಲ್ಡೊ 80ನೇ ನಿಮಿಷದಲ್ಲಿ 2-2 ಮಾಡಿದಾಗ ಅವನು ವಾಪಸ್ ಕೂತ. ಮತ್ತೆ ಹೆಚ್ಚುವರಿ ಸಮಯದ ಮೂರನೇ ನಿಮಿಷ. ಗಿಗ್ಸ್ ಕೊಟ್ಟ ಚೆಂಡು, ಹುಡುಗನ ಬೆನ್ನು ಗೋಲಿನ ಕಡೆಗೆ. ಒಂದು ಸಲ ತಿರುಗಿದ, ಹಿಂದಿದ್ದ ಡಿಫೆಂಡರ್ ಎಲ್ಲೋ ಉಳಿದ, ಬಲಗಾಲಲ್ಲಿ ಬಾಗಿಸಿ ಹೊಡೆದ ಚೆಂಡು ಗೋಲ್‌ಕೀಪರ್‌ನ ಕೈ ದಾಟಿ ಆಚೆ ಮೂಲೆಗೆ. 3-2. ಅವನು ಓಡಿಹೋಗಿ ಗ್ಯಾಲರಿಯಲ್ಲಿದ್ದ ಅಪ್ಪನನ್ನು ಅಪ್ಪಿಕೊಂಡ. ನಮ್ಮಲ್ಲಿ ಒಂದು ಬೆಂಚು ಮುರಿಯಿತು. ಸುಳ್ಳಲ್ಲ.

ಮುಂದಿನ ಶನಿವಾರ ಸಂಡರ್‌ಲ್ಯಾಂಡ್ ವಿರುದ್ಧವೂ ಬದಲಿಯಾಗಿ ಬಂದು, ಒಂದೇ ನಿಮಿಷದಲ್ಲಿ ಗೆಲುವಿನ ಗೋಲು. ಅದು ಮಾತ್ರ ಕ್ಯಾರಿಕ್ ಹೊಡೆದ ಚೆಂಡು ಇವನಿಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋದದ್ದು. ಲೆಕ್ಕಕ್ಕೆ ಇವನದೇ. ಆ ವರ್ಷ ಯುನೈಟೆಡ್ 90 ಅಂಕದಲ್ಲಿ ಲೀಗ್ ಗೆದ್ದಿತು, ಲಿವರ್‌ಪೂಲ್‌ಗೆ 86. ಅಂದರೆ ಬಿಟ್ಟಿ ಬಂದ ಗೋಲುಗಳಲ್ಲ ಅವು.

ಆದರೆ ಆಮೇಲೆ? ಯುನೈಟೆಡ್‌ಗೆ ಅವನು ಲೀಗ್‌ನಲ್ಲಿ ಹೊಡೆದದ್ದು ಒಟ್ಟು 4 ಗೋಲು. ಅದರಲ್ಲಿ ಎರಡು ಆ ಒಂದು ವಾರದ್ದು.

ಎಲ್ಲರೂ ಹೇಳುವ ಮಾತು ಒಂದುಂಟು, ಹಣ ಬಂತು, ಹೆಸರು ಬಂತು, ತಲೆ ತಿರುಗಿತು ಅಂತ. ಚಾದಂಗಡಿಯಲ್ಲಿ ಇದನ್ನು ಹೇಳುವುದು ಸುಲಭ, ಯಾಕೆಂದರೆ ಅಷ್ಟು ಹೇಳಿದರೆ ಮತ್ತೆ ಏನೂ ಯೋಚಿಸಬೇಕಾಗಿಲ್ಲ. ಮಕೇಡನ ವಿಷಯದಲ್ಲಿ ನನಗೆ ಅದು ನಂಬಿಕೆ ಬರುವುದಿಲ್ಲ. ಅವನ ಕಥೆ ಹೆಚ್ಚಾಗಿ ಕ್ಯೂನ ಕಥೆ. ಮುಂದೆ ರೂನಿ, ಬರ್ಬಟೊವ್. ಪಕ್ಕದಲ್ಲಿ ವೆಲ್ಬೆಕ್. 2010ರಲ್ಲಿ ಮೆಕ್ಸಿಕೊದಿಂದ ಚಿಚರಿಟೊ ಬಂದ, ಮೊದಲ ಸೀಸನ್‌ನಲ್ಲೇ 20 ಗೋಲು ಹೊಡೆದ. 2012ರಲ್ಲಿ ವಾನ್ ಪರ್ಸಿ. ರೇಷನ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ನಿಂತವನ ಎದುರಿಗೆ ಹೊಸಬರು ಬಂದು ನಿಲ್ಲುತ್ತಾ ಹೋದ ಹಾಗೆ.

ಇನ್ನು ಲೋನ್, ಅಂದರೆ ಆಟಗಾರನನ್ನು ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್‌ಗೆ ಎರವಲು ಕೊಡುವುದು. ಅದನ್ನು ನೋಡಿದರೆ ಪಾಪ ಅನಿಸುತ್ತದೆ. 2011ರ ಜನವರಿಯಲ್ಲಿ ಇಟಲಿಯ ಸಂಪ್ಡೋರಿಯಾಕ್ಕೆ ಕಳಿಸಿದರು. ಆ ಕ್ಲಬ್ ಅದೇ ತಿಂಗಳು ತನ್ನ ಮುಖ್ಯ ಗೋಲುಗಾರರಾದ ಕಸಾನೊ ಮತ್ತು ಪಾಜ್ಜಿನಿಯನ್ನು ಮಿಲಾನ್‌ನ ಎರಡು ಕ್ಲಬ್‌ಗಳಿಗೆ ಕೊಟ್ಟು ಕೂತಿತ್ತು. ಅಂದರೆ ಮನೆಯ ಎರಡು ಕಂಬ ಕಿತ್ತು ಮಾರಿ, ಆ ಜಾಗಕ್ಕೆ 19ರ ಹುಡುಗನನ್ನು ತಂದು ನಿಲ್ಲಿಸಿದ ಹಾಗೆ. ಸಂಪ್ಡೋರಿಯಾ ಆ ವರ್ಷ ಎರಡನೇ ಡಿವಿಜನ್‌ಗೆ ಬಿತ್ತು. ಮತ್ತೆ ಕ್ವೀನ್ಸ್ ಪಾರ್ಕ್ ರೇಂಜರ್ಸ್, ಸ್ಟುಟ್‌ಗಾರ್ಟ್, ಡಾಂಕಾಸ್ಟರ್, ಬರ್ಮಿಂಗ್‌ಹ್ಯಾಮ್. ಪ್ರತಿ ಸಲ ಹೊಸ ಕೋಚ್, ಹೊಸ ಮನೆ, ಮಧ್ಯೆ ಗಾಯ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಜಕ್ಕೂ ಚೆನ್ನಾಗಿ ಆಡಿ 10 ಗೋಲು ಹೊಡೆದ, ಅಷ್ಟರಲ್ಲಿ 2014 ಬಂದಿತ್ತು, ಯುನೈಟೆಡ್ ಅವನನ್ನು ಬಿಟ್ಟಿತು.

ಬೇರೆಯವರ ವಿಷಯಕ್ಕೆ ಬಂದರೆ, ಎಲ್ಲರದೂ ಒಂದೇ ಕಾರಣ ಅಲ್ಲ ಅನ್ನುವುದಕ್ಕೆ ಬೊಜಾನ್ ಕ್ರ್ಕಿಚ್ ಸಾಕು. 2007ರಲ್ಲಿ 17ನೇ ವಯಸ್ಸಿಗೆ ಬಾರ್ಸಿಲೋನಾ ಪರ ಆಡಿ, ಗೋಲು ಹೊಡೆದು, ಲೀಗ್‌ನಲ್ಲಿ ಆ ಕ್ಲಬ್‌ಗೆ ಗೋಲು ಹೊಡೆದ ಅತಿ ಕಿರಿಯ ಎಂಬ ಮೆಸ್ಸಿಯ ದಾಖಲೆ ಮುರಿದ. ಮೊದಲ ಲೀಗ್ ಸೀಸನ್‌ನಲ್ಲೇ 10 ಗೋಲು. ‘ಹೊಸ ಮೆಸ್ಸಿ’ ಅಂದರು, ಮೆಸ್ಸಿಗೇ ಆಗ 20 ಆಗಿತ್ತಷ್ಟೆ, ಹಳಬನೇ ಹೊಸಬ ಇದ್ದ! ಸ್ಪೇನ್ ತಂಡಕ್ಕೆ ಕರೆ ಬಂದಾಗ ಅವನಿಗೆ ತಲೆಸುತ್ತು, ಆತಂಕ. ಹೊರಗೆ ಮಾತ್ರ ಹೊಟ್ಟೆ ಸರಿ ಇಲ್ಲ ಅಂತ ಸುದ್ದಿ ಬಂತು. 2008ರ ಯುರೋ ಕಪ್‌ಗೆ ಅವನು ಹೋಗಲಿಲ್ಲ, ಸ್ಪೇನ್ ಕಪ್ ಗೆದ್ದಿತು, ಜನ ಇವನನ್ನು ಬೈದರು. ನಿಜ ಏನು ಅಂತ ಅವನು ಬಿಡಿಸಿ ಹೇಳಿದ್ದು 2018ರಲ್ಲಿ. ಹತ್ತು ವರ್ಷ ಬೈಸಿಕೊಂಡು ಸುಮ್ನೆ ಇದ್ದ ಮಾರಾಯ.

ಬಾರ್ಸಿಲೋನಾದ್ದೇ ಅನ್ಸು ಫಾಟಿಯದ್ದು ಮೊಣಕಾಲು. ಬೊಜಾನ್‌ನ ದಾಖಲೆ ಮುರಿದವನು, 16ಕ್ಕೇ ಗೋಲು. 2020ರ ನವೆಂಬರ್‌ನಲ್ಲಿ ಮೊಣಕಾಲಿನ ಗಾಯ, ಆಪರೇಷನ್ ಮೇಲೆ ಆಪರೇಷನ್, ಮೆಸ್ಸಿ ಹೋದ ಮೇಲೆ ಅವನ 10ನೇ ನಂಬರಿನ ಅಂಗಿಯ ಭಾರ ಬೇರೆ. ಯುನೈಟೆಡ್‌ನ ಅದ್ನಾನ್ ಯಾನುಜಾಯ್ ಮೊದಲ ಸಲ ಶುರುವಿನಿಂದ ಆಡಿದ ಲೀಗ್ ಪಂದ್ಯದಲ್ಲೇ ಎರಡು ಗೋಲು ಹೊಡೆದ, 2013ರಲ್ಲಿ, ಅದೂ ಸಂಡರ್‌ಲ್ಯಾಂಡ್ ವಿರುದ್ಧವೇ. ಅವನನ್ನು ನಂಬಿದ ಕೋಚ್ ಮೋಯೆಸ್ ಅದೇ ಸೀಸನ್‌ನಲ್ಲಿ ಕೆಲಸ ಕಳೆದುಕೊಂಡರು. ಮುಂದೆ ಬಂದವರಿಗೆ ಇವನು ಬೇಡವಾದ.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರಲ್ಲ, ಅಡಿಕೆ ತೋಟ ಇರುವವರು ಆ ಗಾದೆಯನ್ನು ಪೂರ್ತಿ ನಂಬುವುದಿಲ್ಲ. ಹಿಂಗಾರ ತುಂಬ ನಳ್ಳಿ (ಎಳೆ ಅಡಿಕೆ ಕಾಯಿ) ಹಿಡಿದದ್ದು ನೋಡಿ ಸಂತೋಷ ಪಟ್ಟ ಮೇಲೆ, ಮಳೆಗಾಲದಲ್ಲಿ ಬುಡದಲ್ಲಿ ಉದುರಿದ್ದನ್ನು ಗುಡಿಸುವವರೂ ನಾವೇ. ಇನ್ನೊಂದು ಕಡೆ ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಫಿ ಇದ್ದಾರೆ. 2016ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ತಲೆಯಲ್ಲಿ ಗೋಲು ಹೊಡೆದಾಗ ಅವರು ಮೂವತ್ತು ದಾಟಿದವರು. ಪೆನಾಲ್ಟಿಯಲ್ಲಿ ಸೋತೆವು, ಆ ವಿಷಯ ಈಗ ಬೇಡ.

ನನಗೆ ಮಕೇಡನೇ ಯಾಕೆ ಜಾಸ್ತಿ ನೆನಪಾಗುತ್ತಾನೆ ಅಂದರೆ, ನಮ್ಮ ಊರಿನಲ್ಲೂ ಒಬ್ಬ ಮಕೇಡ ಇದ್ದಾನೆ.

ಅದೇ 2009ರ ಮೇ ತಿಂಗಳು. ಬಾಕಿಮಾರು ಗದ್ದೆಯಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಫೈನಲ್, ಅಡಿಕೆ ಮರದ ಗ್ಯಾಲರಿ, ಕಂಬಕ್ಕೆ ಕಟ್ಟಿದ ಲೈಟು, ಮೈಕಿನಲ್ಲಿ ಒಂದು ವಾಕ್ಯ ಕನ್ನಡ, ಒಂದು ಮಲಯಾಳ. ನನ್ನ ಕ್ಲಾಸಿನವನೊಬ್ಬ ಕೊನೇ ಹತ್ತು ನಿಮಿಷಕ್ಕೆ ಇಳಿದು, ಕೊನೇ ಗಳಿಗೆಯಲ್ಲಿ ಗೋಲು ಹೊಡೆದ. ಆವತ್ತು ರಾತ್ರಿಯಿಂದ ಅವನ ಹೆಸರು ಮಕೇಡ. ಮೊದಲು ಅದು ಹೊಗಳಿಕೆ. ಮುಂದಿನ ವರ್ಷ ಒಂದು ಟ್ರಯಲ್ಸ್‌ಗೆ ಹೋಗಿ ಬರಿಗೈಲಿ ಬಂದ. ಸೆವೆನ್ಸ್‌ನಲ್ಲಿ ಅವನ ಜಾಗಕ್ಕೆ ಪಂದ್ಯಕ್ಕಿಷ್ಟು ಅಂತ ಹಣ ಕೊಟ್ಟು ಹೊರಗಿನವರನ್ನು ತಂದರು. ಅಲ್ಲಿ ಇಟಲಿಯವನ ಲೋನ್ ಕಥೆ, ಇಲ್ಲಿ ಇವನದು. ಹೊಗಳಿಕೆ ಮೆಲ್ಲ ತಮಾಷೆ ಆಯ್ತು. ‘ಹೆಸರಲ್ಲೇ ಕೇಡು ಉಂಟಲ್ಲ, ಮತ್ತೆಂತ ಆಗುದು’ ಅಂತ ಅವನ ಅಜ್ಜಿಯೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಈಗಿನ ಮಕ್ಕಳಿಗೆ ಆ ಇಟಲಿಯವನು ಗೊತ್ತೇ ಇಲ್ಲ, ಮಕೇಡ ಅಂದರೆ ಇವನ ಮನೆ ಹೆಸರು ಅಂದುಕೊಂಡಿದ್ದಾರೆ.

ಈಗ ಅವನಿಗೆ ಅಡಿಕೆ ಅಂಗಡಿಯಲ್ಲಿ ಕೆಲಸ. ಕಳೆದ ತಿಂಗಳು ಚಾಲಿ ಅಡಿಕೆ ಕೊಡಲಿಕ್ಕೆ ಹೋದಾಗ ಮಾತು ಅಲ್ಲಿಗೇ ಬಂತು. ‘ನಿನ್ನ ಒರಿಜಿನಲ್ ಎಂತ ಮಾಡಿದ ಮತ್ತೆ, ಗೊತ್ತುಂಟಾ?’ ಅಂತ ಕೇಳಿದೆ. ಗ್ರೀಸ್‌ಗೆ ಹೋಗಿ ಪನಾಥಿನೈಕೋಸ್‌ನಲ್ಲಿ ನಾಲ್ಕು ವರ್ಷ ಆಡಿದ, 2022ರಲ್ಲಿ ಆ ತಂಡ ಗ್ರೀಕ್ ಕಪ್ ಗೆದ್ದಿತು ಅಂತ ನಾನೇ ಹೇಳಿದೆ. ಅವನು ಗೋಣಿಯನ್ನು ತಕ್ಕಡಿಗೆ ಎಳೆಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ ಆಚೀಚೆ ನೋಡಿ ಸ್ವರ ತಗ್ಗಿಸಿದ.

‘ಒಂದು ವಿಷಯ ಹೇಳ್ತೇನೆ, ಯಾರಿಗೂ ಹೇಳಬೇಡ. ಆವತ್ತಿನ ಫೈನಲ್ ಗೋಲು ನನ್ನದಲ್ಲ. ಬೇರೆಯವ ಹೊಡೆದದ್ದು, ನನ್ನ ಮೊಣಕಾಲಿಗೆ ತಾಗಿ ಒಳಗೆ ಹೋಯ್ತು. ಚೆಂಡು ಬಂದದ್ದೇ ನಾನು ನೋಡಿರಲಿಲ್ಲ.’

ಹಾಗಾದರೆ ನೀನು ಸಂಡರ್‌ಲ್ಯಾಂಡ್ ಮ್ಯಾಚಿನ ಮಕೇಡ ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಅರವತ್ತೆರಡು ಕಿಲೋ ಅಂತ ಚೀಟಿ ಬರೆದು ಕೊಟ್ಟ.