ಫುಲ್‌ಫ್ರೇಮ್ ಕೊಳ್ಳುವ ಮೊದಲು ನೀವು ಎಲ್ಲಿ ಕೂರುತ್ತೀರಿ ಎಂದು ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೈಯಲ್ಲಿರುವುದು ನಿಕಾನ್ ಡಿ7200. ಜೊತೆಗೆ 18-140, 70-300 ಮತ್ತು ಹಳೆಯ 50 ಎಂಎಂ ಎಫ್1.8ಡಿ ಲೆನ್ಸ್‌ಗಳು (ಎಂಎಂ ಹೆಚ್ಚಿದಷ್ಟು ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕು ಹೆಚ್ಚು ಬರುತ್ತದೆ). ತೆಗೆಯುವುದು ಹೆಚ್ಚಾಗಿ ರಾತ್ರಿಯ ಯಕ್ಷಗಾನ, ಭಾನುವಾರ ಬೆಳಿಗ್ಗೆ ಹೊಳೆಯ ಬದಿಯ ಹಕ್ಕಿಗಳು. ಆಟದ ಚಿತ್ರಗಳೆಲ್ಲ ಮರಳು ಎರಚಿದ ಹಾಗೆ ಕಾಣುತ್ತಿವೆ (ಇದನ್ನೇ ನಾಯ್ಸ್ ಎನ್ನುತ್ತಾರೆ). ಒಂದೂವರೆ ಲಕ್ಷ ಕೂಡಿಟ್ಟಿದ್ದೀರಿ. ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ಕ್ಯಾಮೆರಾ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಈ ಸೀಸನ್‌ಗೆ ಬೇಡ ಎಂಬುದು ನನ್ನ ಉತ್ತರ. ಇದನ್ನು ಹೇಳುತ್ತಿರುವವನು ಫುಲ್‌ಫ್ರೇಮ್ ಕೊಂಡವನೇ. ನಾನೂ ಡಿ7200 ಇಟ್ಟುಕೊಂಡೇ ಮೇಳಗಳ ಹಿಂದೆ ತಿರುಗಿದವನು. ಹಗಲು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಬಯಲಾಟ. 2017ರಲ್ಲಿ ಫುಲ್‌ಫ್ರೇಮ್ ಡಿ750 ಕೊಂಡೆ. ಮೊದಲ ರಾತ್ರಿ ನಡೆದದ್ದನ್ನು ಹೇಳಿದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆ.

ಎಂದಿನಂತೆ ಮುಂದಿನ ಸಾಲಿನ ತುದಿಯಲ್ಲಿ, ರಂಗಸ್ಥಳದಿಂದ ಸುಮಾರು ಆರು ಮೀಟರ್ ದೂರದಲ್ಲಿ ಕುಳಿತೆ. ಹೊಸ ಕ್ಯಾಮೆರಾ ಬಾಡಿಯ ಮೇಲೆ ಹಳೆಯ 85 ಎಂಎಂ ಎಫ್1.8 ಲೆನ್ಸ್ ಹಾಕಿ ಕಣ್ಣಿಟ್ಟು ನೋಡಿದರೆ ಅಭಿಮನ್ಯು ದೂರ ಓಡಿಹೋಗಿದ್ದ! ಡಿ7200ರಲ್ಲಿ ಎದೆಯ ಮಟ್ಟಕ್ಕೆ ಸಿಗುತ್ತಿದ್ದ ವೇಷ ಇಲ್ಲಿ ಮೊಣಕಾಲಿನವರೆಗೆ, ಪಕ್ಕದಲ್ಲಿ ಮೈಕಿನ ಕಂಬ, ಮೇಲೆ ತೋರಣ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಡಿ7200ರಲ್ಲಿರುವ ಸಣ್ಣ ಡಿಎಕ್ಸ್ ಸೆನ್ಸರ್ 23.5 × 15.6 ಮಿಲಿಮೀಟರ್, ಫುಲ್‌ಫ್ರೇಮ್ 36 × 24, ನಡುವೆ ಒಂದೂವರೆ ಪಟ್ಟಿನ ಗುಣಕ ಎಂದು ನಾನೇ ಹತ್ತು ಜನರಿಗೆ ಪಾಠ ಹೇಳಿದ್ದೆ. ಆದರೆ ಹಣ ಎಣಿಸಿಕೊಟ್ಟ ಮೇಲೆಯೇ ಅದು ತಲೆಗೆ ಇಳಿದದ್ದು. ಮೊದಲಿನ ಚೌಕಟ್ಟು ಅದೇ ಜಾಗದಿಂದ ಬೇಕಾದರೆ ಈಗ 85 ಸಾಲದು, 127ರ ಹತ್ತಿರದ ಲೆನ್ಸ್ ಬೇಕು. ಆಟದಲ್ಲಿ ನಾವು ಎದ್ದು ಮುಂದೆ ಹೋಗುವಂತಿಲ್ಲ. ಹೋದರೆ ಹಿಂದಿನಿಂದ ಅಜ್ಜಂದಿರ ಬೈಗುಳ ಬರುತ್ತದೆ, ಬರಬೇಕಾದದ್ದೇ.

ಸರಿ, 70-200 ಎಫ್2.8 ಹಾಕಿದರಾಯಿತಲ್ಲ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡು ಒಂದನ್ನು ಬಾಡಿಗೆಗೆ ತಂದೆ. ಈಗ ಲೆಕ್ಕ ನೋಡಿ. ಫುಲ್‌ಫ್ರೇಮ್ ಸೆನ್ಸರ್‌ನ ವಿಸ್ತೀರ್ಣ ಡಿಎಕ್ಸ್‌ಗಿಂತ ಸುಮಾರು 2.35 ಪಟ್ಟು ದೊಡ್ಡದು. ಅಂದರೆ ನಾಯ್ಸ್ ವಿಷಯದಲ್ಲಿ ಸಿಗುವ ಲಾಭ ಒಂದು ಸ್ಟಾಪ್‌ಗಿಂತ (ಬೆಳಕು ಇಮ್ಮಡಿಯಾಗುವ ಒಂದು ಮೆಟ್ಟಿಲು) ತುಸು ಹೆಚ್ಚು. ಎಫ್1.8ರಿಂದ ಎಫ್2.8ಕ್ಕೆ ಹೋದಾಗ ಕಳೆದುಕೊಳ್ಳುವುದು ಎಷ್ಟು? ಅದೂ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು. ಬಲಗೈಯಲ್ಲಿ ಬಂದದ್ದು ಎಡಗೈಯಲ್ಲಿ ಹೋಯಿತು. ಡಿ7200ರಲ್ಲಿ 85 ಎಫ್1.8 ಹಾಕಿ ತೆಗೆದ ಚಿತ್ರ ಮತ್ತು ಡಿ750ರಲ್ಲಿ 70-200 ಎಫ್2.8 ಹಾಕಿ 127ರಲ್ಲಿ ತೆಗೆದ ಚಿತ್ರ ನಾಯ್ಸ್‌ನಲ್ಲಿಯೂ ಹಿನ್ನೆಲೆಯ ಮಸುಕಿನಲ್ಲಿಯೂ ಹೆಚ್ಚುಕಡಿಮೆ ಅವಳಿಜವಳಿ. ವ್ಯತ್ಯಾಸ ಇರುವುದು ತೂಕದಲ್ಲಿ. ಆ 85 ಕೇವಲ 350 ಗ್ರಾಂ. ನಾನು ತಂದಿದ್ದ 70-200 ಒಂದೂವರೆ ಕೆಜಿಗೂ ಮೇಲೆ. ಬೆಳಗಿನ ಜಾವ ಮಂಗಳ ಹಾಡುವವರೆಗೆ ಅದನ್ನು ಹಿಡಿದವನ ಮಣಿಕಟ್ಟು ಮರುದಿನ ಪೆನ್ನು ಹಿಡಿಯಲಿಲ್ಲ.

ಇದು ನಿಮ್ಮ ಗೆಳೆಯರು ಹೇಳದೆ ಬಿಟ್ಟ ಸಂಗತಿ. ಅದೇ ಲೆನ್ಸ್, ಅದೇ ಎಫ್ ಸಂಖ್ಯೆ, ಅದೇ ಶಟರ್ ಇಟ್ಟುಕೊಂಡು ನೀವು ಮುಂದೆ ಹೋಗಿ ಚೌಕಟ್ಟು ತುಂಬಿಸಬಲ್ಲಿರಾದರೆ ಫುಲ್‌ಫ್ರೇಮ್ ಗೆಲ್ಲುತ್ತದೆ. ಕುಳಿತಲ್ಲೇ ಕೂರಬೇಕಾದವರಿಗೆ ಗೆಲುವು ಅಷ್ಟು ಸುಲಭವಲ್ಲ.

ಈಗ ನಿಮ್ಮ ಚೀಲಕ್ಕೆ ಬರೋಣ. 50 ಎಂಎಂನಲ್ಲಿ ವೇಷ ಸಣ್ಣದಾಗುತ್ತದೆ, ಆಮೇಲೆ ಕಂಪ್ಯೂಟರ್‌ನಲ್ಲಿ ಕತ್ತರಿಸುತ್ತೇನೆ ಎಂದು ಬರೆದಿದ್ದೀರಿ. ಇಲ್ಲವಾದರೆ 18-140 ಹಾಕುತ್ತೀರಿ. ಎರಡರಲ್ಲಿಯೂ ಬೆಳಕು ಸೋರುತ್ತಿದೆ. 50ರಲ್ಲಿ ತೆಗೆದು 85ರ ಚೌಕಟ್ಟಿಗೆ ಕತ್ತರಿಸಿದರೆ ಉಳಿಯುವುದು ಮೂರರಲ್ಲಿ ಒಂದು ಪಾಲು, 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು ಎಂಟು. ಡಿಎಕ್ಸ್‌ಗೂ ಫುಲ್‌ಫ್ರೇಮ್‌ಗೂ ಇರುವ ಅಂತರಕ್ಕಿಂತ ಹೆಚ್ಚನ್ನು ನೀವು ಕತ್ತರಿಯಲ್ಲೇ ಕಳೆಯುತ್ತಿದ್ದೀರಿ. ಇನ್ನು 18-140 ಲೆನ್ಸ್ 85ರ ಹತ್ತಿರ ಹೋದಾಗ ಅದರ ಬಾಯಿ ಎಫ್5.6ರ ಆಸುಪಾಸಿಗೆ ಕಿರಿದಾಗುತ್ತದೆ. ಅದರ ಬದಲು ಎಫ್1.8 ಇದ್ದರೆ ಒಳಗೆ ಬರುವ ಬೆಳಕು ಒಂಬತ್ತು ಪಟ್ಟಿನ ಹತ್ತಿರ. ಹೊಸ ಬಾಡಿ ಕೊಡುವ 2.35 ಪಟ್ಟನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಳಸಿದ 85 ಎಫ್1.8ಜಿ ಒಂದನ್ನು ಹುಡುಕಿದರೆ ನಿಮ್ಮ ಗಂಟಿನಲ್ಲಿ ದೊಡ್ಡ ಪಾಲು ಹಾಗೆಯೇ ಉಳಿಯುತ್ತದೆ. ಅದು ಫುಲ್‌ಫ್ರೇಮ್‌ಗೂ ಹೊಂದುವ ಲೆನ್ಸ್, ಮುಂದೆ ಬಾಡಿ ಬದಲಿಸಿದರೂ ನಷ್ಟವಿಲ್ಲ.

ಎಫ್1.8ರಲ್ಲಿ ಇನ್ನೊಂದು ತೊಡಕು ಇದೆ. ಫುಲ್‌ಫ್ರೇಮ್‌ನಲ್ಲಿ 85 ಹಾಕಿ ಮೂರು ಮೀಟರ್ ಹತ್ತಿರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಗೇಣಿಗಿಂತಲೂ ಕಡಿಮೆ. ಚುಟ್ಟಿ (ಮುಖದ ಮೇಲೆ ಇಡುವ ಬಿಳಿ ಚುಕ್ಕಿಗಳು) ಇಟ್ಟ ಬಣ್ಣದ ವೇಷದ, ಅಂದರೆ ರಾಕ್ಷಸ ವೇಷದ, ಮೂಗಿನ ತುದಿಯಿಂದ ಕಿರೀಟದ ಹಿಂದಿನ ತಟ್ಟೆಯವರೆಗೆ ಒಂದು ಗೇಣಿಗಿಂತ ಹೆಚ್ಚೇ ಇರುತ್ತದೆ. ಕಣ್ಣು ಸ್ಪಷ್ಟ, ಕಿರೀಟ ಮಸುಕು. ಮದುವೆಯ ಭಾವಚಿತ್ರಕ್ಕೆ ಅದು ಚೆಂದ. ವೇಷ ಕಟ್ಟಲು ಎರಡು ಗಂಟೆ ಕುಳಿತ ಕಲಾವಿದನಿಗೆ ತೋರಿಸಿದರೆ 'ಕಿರೀಟ ಎಲ್ಲಿ ಹೋಯಿತು?' ಎಂದು ಕೇಳುತ್ತಾನೆ. ನನ್ನನ್ನು ಕೇಳಿದ್ದಾರೆ. ಆಳ ಬೇಕೆಂದು ಎಫ್2.8ಕ್ಕೆ ಮುಚ್ಚಿದೆವೋ, ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಪ್ರಮಾಣ) ಮೇಲೆ ಹೋಗುತ್ತದೆ, ಫುಲ್‌ಫ್ರೇಮ್‌ನಿಂದ ಬಂದ ಲಾಭ ಅಲ್ಲಿಗೇ ಚುಕ್ತಾ.

ಹಾಗಾದರೆ ನಾನು ಡಿ750ಯನ್ನು ಏಕೆ ಮಾರಲಿಲ್ಲ? ಚೌಕಿಗಾಗಿ, ಅಂದರೆ ವೇಷ ಕಟ್ಟುವ ಜಾಗಕ್ಕಾಗಿ.

ಚೌಕಿ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಇಕ್ಕಟ್ಟಾದ ಚಪ್ಪರ, ಎರಡು ಸಾಲಿನಲ್ಲಿ ಪೆಟ್ಟಿಗೆಗಳು, ಒಬ್ಬೊಬ್ಬರ ಮುಂದೆ ಒಂದೊಂದು ಸಣ್ಣ ಬಲ್ಬು, ನಡುವೆ ದೇವರ ಪೂಜೆ, ಕಟ್ಟುವವರು ಬಿಚ್ಚುವವರು ಓಡಾಡುತ್ತಲೇ ಇರುತ್ತಾರೆ. ಅಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ಫ್ಲ್ಯಾಷ್ ಹಾಕಿದರೆ ನಾಳೆಯಿಂದ ಒಳಗೆ ಬಿಡುವುದಿಲ್ಲ. ಅಗಲವಾಗಿ ನೋಡುವ, ಬಾಯಿ ದೊಡ್ಡದಿರುವ ಲೆನ್ಸ್ ಬೇಕು. ಫುಲ್‌ಫ್ರೇಮ್‌ಗೆ 35 ಎಂಎಂ ಎಫ್1.8 ಹಾಕಿದರೆ ಆ ಕೆಲಸ ಮುಗಿಯಿತು. ಅದೇ ನೋಟ, ಅದೇ ಬೆಳಕು ಡಿಎಕ್ಸ್‌ನಲ್ಲಿ ಬೇಕಾದರೆ 23 ಎಂಎಂ ಎಫ್1.2 ಬೇಕು. ನಮ್ಮ ಡಿ7200ಕ್ಕೆ ಕೂರುವ ಅಂಥ ಲೆನ್ಸನ್ನು ನಾನು ಕಂಡಿಲ್ಲ. 18-35 ಎಫ್1.8 ಎಂಬ ಸಿಗ್ಮಾ ಲೆನ್ಸ್ ಹತ್ತಿರ ಬರುತ್ತದೆ, ಅಷ್ಟೇ. ಅಲ್ಲಿ ಹಾಕಿದ ಹಣ ಚಿತ್ರದಲ್ಲಿ ಕಾಣುತ್ತದೆ. ಕನ್ನಡಿ ಹಿಡಿದು ಹುಬ್ಬು ತೀಡುವ ಸ್ತ್ರೀವೇಷದ ಮುಖದ ಮೇಲೆ ಬಿದ್ದ ಬಲ್ಬಿನ ಹಳದಿ, ಹಿಂದಿನ ಕತ್ತಲಿನಲ್ಲಿ ಅರ್ಧ ಕಟ್ಟಿದ ರಾಕ್ಷಸ, ಐಎಸ್‌ಒ 6400ರಲ್ಲಿಯೂ ಕಪ್ಪು ಕಪ್ಪಾಗಿಯೇ ಉಳಿದದ್ದು ನನಗೆ ಈಗಲೂ ಖುಷಿ ಕೊಡುವ ಚಿತ್ರ.

ಆದ್ದರಿಂದ ನಿಮ್ಮನ್ನು ನಾನು ಕೇಳುವುದು ಇಷ್ಟೇ: ನೀವು ರಂಗಸ್ಥಳದ ಮುಂದೆ ಕೂರುವವರೋ, ಚೌಕಿಯೊಳಗೆ ನಿಲ್ಲುವವರೋ? ಕಳೆದ ಒಂದು ವರ್ಷದ ಚಿತ್ರಗಳಲ್ಲಿ ನಿಮಗೇ ಇಷ್ಟವಾದ ನೂರನ್ನು ಆರಿಸಿ, ಪ್ರತಿಯೊಂದರಲ್ಲಿ ಕ್ಯಾಮೆರಾ ಬರೆದಿಟ್ಟ ಮಾಹಿತಿಯನ್ನು ನೋಡಿ. ಫೋಕಲ್ ಲೆಂಗ್ತ್, ಶಟರ್, ಐಎಸ್‌ಒ. ನಾನು ಇದನ್ನು ಕೊಂಡ ಮೇಲೆ ಮಾಡಿದೆ, ಲೆಕ್ಕ ಬರೆಯುವವನಾಗಿಯೂ! ಕೆಟ್ಟುಹೋದ ಚಿತ್ರಗಳನ್ನೂ ತೆಗೆದು ನೋಡಿ. ನನ್ನವುಗಳಲ್ಲಿ ನಾಯ್ಸ್‌ನಿಂದ ಹಾಳಾದವು ಕಡಿಮೆ. ಹೆಚ್ಚಿನವು ಪುಂಡುವೇಷದ (ಅಭಿಮನ್ಯುವಿನಂಥ ಚುರುಕಿನ ಯುವ ವೇಷ) ಧೀಂಗಿಣದಲ್ಲಿ, ಅಂದರೆ ಹಾರಿ ಸುತ್ತುವ ಕುಣಿತದಲ್ಲಿ, ಶಟರ್ 1/125 ಸೆಕೆಂಡ್ ಇಟ್ಟು ಅಲುಗಿಸಿಕೊಂಡವು. ಅಲ್ಲಿ 1/500 ಬೇಕು. ನಾಯ್ಸ್‌ಗೆ ಹೆದರಿ ಐಎಸ್‌ಒ ಏರಿಸದೆ, ಚಿತ್ರವನ್ನೇ ಕಳೆದುಕೊಂಡಿದ್ದೆ. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾದ ಬೆಳಕಳೆಯುವ ಮೀಟರ್ ಮೋಸಹೋಗಿ ಮುಖಗಳನ್ನು ಬಿಳುಚಿಸುತ್ತದೆ, ಶಟರನ್ನೂ ನಿಧಾನಗೊಳಿಸುತ್ತದೆ. ಮ್ಯಾನ್ಯುಯಲ್‌ಗೆ ಹಾಕಿ ಮುಖಕ್ಕೆ ಸರಿಹೊಂದಿಸಿದರೆ ಕೆಲವೊಮ್ಮೆ ಒಂದು ಸ್ಟಾಪ್ ವೇಗ ಬಿಟ್ಟಿಯಾಗಿ ಸಿಗುತ್ತದೆ.

ರಂಗದ ದೀಪಗಳೆಲ್ಲ ಎಲ್‌ಇಡಿ ಆದ ಮೇಲೆ ಬಂದ ಕಾಟ ಬೇರೆ. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ವೇಗದ ಶಟರ್‌ನಲ್ಲಿ ಒಂದು ಚಿತ್ರ ಬೆಳಕು, ಮುಂದಿನದು ಮಂಕು. ಡಿ500, ಡಿ780 ಮತ್ತು ಹೊಸ ಮಿರರ್‌ಲೆಸ್‌ಗಳಲ್ಲಿ ಇದನ್ನು ತಗ್ಗಿಸುವ ಸೌಲಭ್ಯವಿದೆ. ಗಮನಿಸಿ, ಡಿ500 ಕೂಡ ಡಿಎಕ್ಸ್ ಕ್ಯಾಮೆರಾ. ಇದು ಸೆನ್ಸರ್ ದೊಡ್ಡದೋ ಸಣ್ಣದೋ ಎಂಬುದಕ್ಕೆ ಸಂಬಂಧಪಟ್ಟ ವಿಷಯವೇ ಅಲ್ಲ.

ಹಕ್ಕಿಯ ವಿಷಯ ಚಿಕ್ಕದು. ನಿಮ್ಮ 70-300 ಈಗ 450ರ ಕೆಲಸ ಮಾಡುತ್ತಿದೆ. ಡಿ750ರಲ್ಲಿ ಅದು ಬರೀ 300. ಈಗಿನ ಚೌಕಟ್ಟಿಗೆ ಕತ್ತರಿಸಿದರೆ ಉಳಿಯುವುದು ಹತ್ತು ಮೆಗಾಪಿಕ್ಸೆಲ್. ಡಿ850 ಆದರೆ 19ರ ಸುತ್ತ ಉಳಿಯುತ್ತದೆ, ಆದರೆ ಆ ಬೆಲೆ ಬೇರೆ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರವೇ ಹೋಗುವುದರಿಂದ ನಡೆದೀತು. ಹೊಳೆಯ ಆಚೆ ದಡದ ಮಿಂಚುಳ್ಳಿಗೆ ಡಿ7200ನ್ನೇ ಇಟ್ಟುಕೊಳ್ಳಿ. ನಾನು ನನ್ನದನ್ನು ಮಾರದೆ ಉಳಿಸಿಕೊಂಡದ್ದು ಈ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಜಾಣತನ.

'ಫುಲ್' ಎಂಬ ಹೆಸರೇ ನಮ್ಮನ್ನು ಅರ್ಧ ಕೆಡಿಸಿದೆ ಎಂದು ನನಗೆ ಅನ್ನಿಸುತ್ತದೆ. ಇದು ಪೂರ್ಣ ಎಂದರೆ ಉಳಿದದ್ದು ಅಪೂರ್ಣ ಎಂದಾಯಿತಲ್ಲ. ನೋಡಿದರೆ 36 × 24 ಎಂಬುದು 35 ಎಂಎಂ ಸಿನಿಮಾ ಫಿಲ್ಮನ್ನು ಸ್ಥಿರಚಿತ್ರದ ಕ್ಯಾಮೆರಾಕ್ಕೆ ಹಾಕಿಕೊಂಡದ್ದರಿಂದ ಬಂದ ಅಳತೆ. 1925ರಲ್ಲಿ ಲೈಕಾ ಬಂದಾಗ ದೊಡ್ಡ ಪ್ಲೇಟ್ ಕ್ಯಾಮೆರಾದವರ ಕಣ್ಣಿಗೆ ಅದೇ ಸಣ್ಣದು. ಇನ್ನು ನಿಕಾನ್‌ನವರು 1999ರಲ್ಲಿ ಡಿ1 ತಂದು, ಮೊದಲ ಫುಲ್‌ಫ್ರೇಮ್ ಡಿ3 ತಂದದ್ದು 2007ರಲ್ಲಿ. ನಡುವಿನ ಎಂಟು ವರ್ಷ ನಿಕಾನ್ ಡಿಜಿಟಲ್ ಹಿಡಿದ ಪತ್ರಿಕಾ ಛಾಯಾಗ್ರಾಹಕರೆಲ್ಲ ದುಡಿದದ್ದು ಡಿಎಕ್ಸ್‌ನಲ್ಲಿಯೇ.

ನಾಯ್ಸ್ ತೆಗೆಯುವ ತಂತ್ರಾಂಶವೂ ಈಗ ಬಹಳ ಮುಂದೆ ಹೋಗಿದೆ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಡಿನಾಯ್ಸ್ ಹಾಕಿ ನನ್ನ 2015ರ ಡಿ7200 ಚಿತ್ರಗಳನ್ನು ಮತ್ತೆ ತೆರೆದೆ, ಸ್ವಲ್ಪ ಸಂಕಟವೇ ಆಯಿತು. ಕೊಳ್ಳುವ ಮೊದಲು ಇದು ಇದ್ದಿದ್ದರೆ ಎಂದು. ರಾ ಕಡತ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ಇರಬೇಕು, ಹಳೆಯ ಕಂಪ್ಯೂಟರ್ ಆದರೆ ಒಂದೊಂದು ಚಿತ್ರಕ್ಕೂ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ. ಬಣ್ಣದ ವೇಷದ ಚುಟ್ಟಿಯ ಚುಕ್ಕಿಗಳನ್ನು ನಾಯ್ಸ್ ಎಂದು ತಿಳಿದು ಅಳಿಸದಂತೆ ಪ್ರಮಾಣ ಕಡಿಮೆ ಇಡಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಫುಲ್‌ಫ್ರೇಮ್ ಕಡೆ ಮನಸ್ಸು ವಾಲುತ್ತಿದ್ದರೆ ಒಂದು ಎಚ್ಚರಿಕೆ. ನಿಮ್ಮ 50 ಎಫ್1.8ಡಿ ಒಳಗೆ ಮೋಟಾರು ಇಲ್ಲದ ಲೆನ್ಸ್, ಡಿ7200ರ ಬಾಡಿಯಲ್ಲಿರುವ ಮೋಟಾರು ಅದನ್ನು ತಿರುಗಿಸುತ್ತದೆ. ನಿಕಾನ್ ಝಡ್ ಕ್ಯಾಮೆರಾಗಳಿಗೆ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಹಾಕಿದರೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. 18-140 ಡಿಎಕ್ಸ್ ಲೆನ್ಸ್ ಆದ್ದರಿಂದ ಅಲ್ಲಿಯೂ ಕತ್ತರಿಸಿದ ಚಿತ್ರವನ್ನೇ ಕೊಡುತ್ತದೆ. ಅಂದರೆ ಒಂದೂವರೆ ಲಕ್ಷವೆಲ್ಲ ಕ್ಯಾಮೆರಾಕ್ಕೇ ಹೋಗಿ ಲೆನ್ಸ್‌ಗೆ ಏನೂ ಉಳಿಯದ ಪರಿಸ್ಥಿತಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ 85 ಎಫ್1.8ಜಿ ತೆಗೆದುಕೊಂಡು ಪತ್ತನಾಜೆಯವರೆಗೆ, ಅಂದರೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವವರೆಗೆ, ಅದರಲ್ಲೇ ದುಡಿಯುತ್ತೇನೆ. ನಡುವೆ ಒಂದು ರಾತ್ರಿ ಫುಲ್‌ಫ್ರೇಮ್ ಬಾಡಿ ಮತ್ತು 35 ಎಫ್1.8 ಬಾಡಿಗೆಗೆ ತಂದು ಚೌಕಿಯಲ್ಲಿ ಕಳೆಯುತ್ತೇನೆ. ಆ ಒಂದು ರಾತ್ರಿಯ ಚಿತ್ರಗಳು ಉಳಿದೆಲ್ಲ ರಾತ್ರಿಗಳವುಗಳಿಗಿಂತ ಹೆಚ್ಚು ಹಿಡಿಸಿದರೆ ಮಳೆಗಾಲದಲ್ಲಿ ಕೊಳ್ಳಿ, ಆಗ ಹೇಗೂ ಬಯಲಾಟವಿಲ್ಲ, ಸಾವಕಾಶವಾಗಿ ಹುಡುಕಬಹುದು.

ಬಾಡಿಗೆಯೂ ಬೇಡ ಎಂದರೆ, ನಮ್ಮ ಊರಿನ ಬಯಲಾಟ ಡಿಸೆಂಬರ್‌ನಲ್ಲಿ ಇದೆ, ಕಾರ್ಕಳದ ಕಡೆ. ಬಂದರೆ ನನ್ನ ಡಿ750ಯನ್ನು ಮಧ್ಯರಾತ್ರಿಯವರೆಗೆ ನೀವೇ ಇಟ್ಟುಕೊಳ್ಳಿ, ರಂಗಸ್ಥಳದ ಮುಂದೆ ನನಗೆ ಡಿ7200 ಸಾಕು. ಮಹಿಷಾಸುರ ವೇಷ ಕಟ್ಟಲು ಕುಳಿತಾಗ ಮಾತ್ರ ಅದು ನನಗೆ ವಾಪಸ್ ಬೇಕು.